ಹೆಬ್ಬೆರಳುದ್ದದ ತಂತಿ

ಫೆಬ್ರವರಿ ೨೪, ಸೋಮವಾರ

ದೊಡ್ಡೋಳಿಗೂ ಚಿಕ್ಕೋನಿಗೂ,

ಇಬ್ಬರಿಗೂ ಇದೊಂದೇ ಕಾಗದ. ಎರಡು ಬರೆಯಲು ನನಗೆ ಪುರುಸೊತ್ತಿಲ್ಲ. ನನ್ನ ಕೂಸಿನಮನೆಯ ಹನ್ನೆರಡು ಮಕ್ಕಳೂ ಈಗ ತಾನೇ ಮಲಗಿವೆ. ಇನ್ನು ಅರ್ಧ ಗಂಟೆಗೆ ಕರೆಂಟು ಹೋಗುತ್ತದೆ, ಫ್ಯಾನು ನಿಲ್ಲುತ್ತದೆ, ಮೊದಲು ಗುಂಡಣ್ಣ ಏಳುತ್ತಾನೆ. ಅವನು ರಾಗ ತೆಗೆದರೆ ಉಳಿದ ಹನ್ನೊಂದೂ ಸೇರಿಕೊಳ್ಳುತ್ತವೆ. ದಿನಾ ಇದೇ ಪಾಡು.

ಅದಕ್ಕೇ ಸೋಲಾರ್ ಹಾಕಿಸುತ್ತಿದ್ದೇನೆ. ಪ್ಯಾನೆಲ್ಲು, ಬ್ಯಾಟರಿ ಎಲ್ಲ ಅಂಗಡಿಯವರೇ ಕೂರಿಸಿ ಹೋದರು. ವಾಷಿಂಗ್ ಮೆಷಿನ್ನೂ ನೀರಿನ ಹೀಟರೂ ಒಟ್ಟಿಗೆ ಓಡಬೇಕಾದರೆ ಒಂದು ಇನ್ವರ್ಟರ್ ಸಾಲದಂತೆ, ಒಂದೇ ಮಾದರಿಯ ಎರಡನ್ನು ಜೋಡಿ ಹಾಕಬೇಕಂತೆ. ಒಂದನ್ನು ದೊಡ್ಡೋಳಿಗೆ ಹೇಳಿದೆ, ಇನ್ನೊಂದನ್ನು ಚಿಕ್ಕೋನಿಗೆ ಹೇಳಿದೆ. ಹೇಳುವಾಗ ಒಬ್ಬರ ವಿಷಯ ಇನ್ನೊಬ್ಬರ ಕಿವಿಗೆ ಹಾಕಲಿಲ್ಲ. ಈಗ ಹಾಕುತ್ತಿದ್ದೇನೆ. ಸಿಟ್ಟು ಬಂದಿದ್ದರೆ ಒಂದು ಲೋಟ ನೀರು ಕುಡಿದು ಮುಂದೆ ಓದಿ.

ನಿಮ್ಮಮ್ಮ ಹೋದ ಮೇಲೆ ನಿಮ್ಮಿಬ್ಬರನ್ನೂ ಎರಡು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಒಂದೇ ಸಾಮಾನಿನ ಚೀಲ ಹೊತ್ತು ವೈರಿಂಗ್ ಕೆಲಸಕ್ಕೆ ಹೋಗುತ್ತಿದ್ದ ಅಕ್ಕ ತಮ್ಮ ನಾಲ್ಕು ವರ್ಷದಿಂದ ಮಾತು ಬಿಟ್ಟು ಊರಿನ ಎರಡು ತುದಿಯಲ್ಲಿ ಎರಡು ಅಂಗಡಿ ಇಟ್ಟುಕೊಂಡು ಕೂತಿದ್ದೀರಿ. ಯಾಕೆ ಎಂದು ಕೇಳಿದರೆ ಇಬ್ಬರೂ 'ಏನಿಲ್ಲ ಬಿಡು' ಅನ್ನುತ್ತೀರಿ. ಏನಿಲ್ಲದ್ದಕ್ಕೆ ನಾಲ್ಕು ವರ್ಷವೇ?

ಮುಖ ನೋಡುವುದಿಲ್ಲವಾದರೆ ನೋಡಬೇಡಿ. ಶನಿವಾರ ದೊಡ್ಡೋಳು ಬರಲಿ, ಭಾನುವಾರ ಚಿಕ್ಕೋನು ಬರಲಿ. ಎರಡು ದಿನವೂ ಮಕ್ಕಳಿಗೆ ರಜೆ. ಹೇಳುವುದನ್ನೆಲ್ಲ ಬರೆದಿಡಿ. ಮೆಟ್ಟಿಲ ಕೆಳಗಿನ ಬೋರ್ಡಿನ ಬಾಗಿಲ ಹಿಂದೆ ನಿಮ್ಮಪ್ಪ ಬಡಿದಿಟ್ಟ ತಗಡಿನ ಜೇಬು ಇನ್ನೂ ಇದೆ. ಬೋರ್ಡು ಮುಟ್ಟಿದವನು ಏನು ಮಾಡಿದೆ ಎಂದು ಚೀಟಿ ಬರೆದೇ ಹೋಗಬೇಕು ಎನ್ನುವುದು ಅವರ ಕಟ್ಟಪ್ಪಣೆ. ಮರೆತಿಲ್ಲ ತಾನೆ?

ನನಗೆ ಬೇಕಾಗಿರುವುದು ಒಂದೇ. ನೀವಿಬ್ಬರೂ ಒಂದು ದಿನ ಆ ಬೋರ್ಡಿನ ಮುಂದೆ ಒಟ್ಟಿಗೆ ನಿಲ್ಲಬೇಕು. ಮಕ್ಕಳಿಗೆ ಫ್ಯಾನು ಸಿಕ್ಕಿದರೆ ಅದು ಲಾಭ.

ನಿಮ್ಮ ಚೀಟಿಗಳನ್ನು ನಾನು ಓದುವುದಿಲ್ಲ.

ಇಂತಿ ನಿಮ್ಮ ಚಿಕ್ಕಮ್ಮ


ಮಾರ್ಚ್ ೧, ಶನಿವಾರ

ಎರಡನೇ ಇನ್ವರ್ಟರ್ ಹಾಕಲು ಬರುವವರಿಗೆ,

ತಾವು ಯಾರೆಂದು ನನಗೆ ಗೊತ್ತು. ಆದರೂ 'ತಾವು' ಎಂದೇ ಬರೆಯುತ್ತೇನೆ. ಕೆಲಸದ ಮಾತಿಗೆ ಅದೇ ಚೆನ್ನ.

ಮೊದಲನೇ ಇನ್ವರ್ಟರನ್ನು ಗೋಡೆಗೆ ಹಾಕಿದ್ದೇನೆ. ಪಕ್ಕದಲ್ಲಿ ತಮ್ಮದಕ್ಕೆ ಜಾಗ ಬಿಟ್ಟು, ನಾಲ್ಕು ತೂತೂ ಕೊರೆದಿದ್ದೇನೆ. ಮಟ್ಟ ನೋಡಿಯೇ ಕೊರೆದದ್ದು, ಮತ್ತೆ ನೋಡುವ ಅಗತ್ಯವಿಲ್ಲ.

ಎರಡು ಇನ್ವರ್ಟರಿನಿಂದಲೂ ಹೊರಬರುವ ನ್ಯೂಟ್ರಲ್ ಒಂದೇ ತಾಮ್ರದ ಪಟ್ಟಿಗೆ ಬರಬೇಕು. ಲೈನಿನಿಂದ ಒಳಹೋಗುವ ನ್ಯೂಟ್ರಲ್ಲಿಗೆ ಬೇರೆ ಪಟ್ಟಿ ಇದೆ. ಎರಡೂ ನೀಲಿ ತಂತಿಯೇ ಅಲ್ಲವೇ ಎಂದು ಕೈಗೆ ಸಿಕ್ಕಿದ್ದನ್ನು ಸಿಕ್ಕಿದಲ್ಲಿಗೆ ಸೇರಿಸಬಾರದು. ಗೊಂದಲವಾಗದಿರಲೆಂದು ಲೇಬಲ್ ಅಂಟಿಸಿದ್ದೇನೆ. ಎರಡು ಇನ್ವರ್ಟರಿನ ಫೇಸ್ ಒಂದು ಕಡೆ, ನ್ಯೂಟ್ರಲ್ ಒಂದು ಕಡೆ ಕೂಡಿಕೊಂಡು ಮನೆಯೊಳಗೆ ಹೋಗುವ ದಾರಿಯಲ್ಲಿ ಒಂದೇ ಲೀಕೇಜ್ ಬ್ರೇಕರ್ ಇದೆ. ಎಲ್ಲಾದರೂ ಕರೆಂಟು ಭೂಮಿಗೆ ಸೋರಿದರೆ ಬೀಳುವುದು ಅದೇ.

ಎರಡು ಇನ್ವರ್ಟರಿನ ಮೈಗೂ ಹಸಿರು ಅರ್ಥಿಂಗ್ ತಂತಿ ಬೇಕು, ಎರಡೂ ಒಂದೇ ಪಟ್ಟಿಗೆ ಬರಬೇಕು. ಹಿತ್ತಿಲಿನಲ್ಲಿ ಅಪ್ಪ ತೋಡಿದ ಅರ್ಥಿಂಗ್ ಗುಂಡಿ ಇದೆ. ಅಳೆದು ನೋಡಿದೆ, ಈಗಲೂ ಚೆನ್ನಾಗಿಯೇ ಇದೆ. ಹೊಸ ಗುಂಡಿ ತೋಡುವ ಉತ್ಸಾಹ ಬಂದರೆ ದಯವಿಟ್ಟು ಅದುಮಿಕೊಳ್ಳಿ. ಎರಡು ಗುಂಡಿ ತೋಡಿ, ಒಂದಕ್ಕೊಂದು ಸೇರಿಸದೆ ಎದ್ದು ಹೋಗುವ ಅಭ್ಯಾಸ ಕೆಲವರಿಗೆ ಇದೆ.

ಚಿಕ್ಕಮ್ಮ ಟೀ ಮಾಡಿಕೊಟ್ಟಳು. ತಮ್ಮ ವಿಷಯ ಎತ್ತಲಿಲ್ಲ. ಎತ್ತಲಿಲ್ಲ ಎಂದು ನಾಲ್ಕು ಸಲ ಹೇಳಿದಳು.

ಇತಿ,
ಮೊದಲನೇ ಇನ್ವರ್ಟರ್


ಮಾರ್ಚ್ ೨, ಭಾನುವಾರ

ಮೊದಲನೇ ಇನ್ವರ್ಟರಿನ ಮಹನೀಯರಿಗೆ,

ತಮ್ಮ ಅಪ್ಪಣೆ ತಲೆಯ ಮೇಲೆ ಹೊತ್ತು ಕೆಲಸ ಮುಗಿಸಿದ್ದೇನೆ. ಪಟ್ಟಿಯ ಮೇಲೆ ಲೇಬಲ್, ತಂತಿಯ ಮೇಲೆ ಲೇಬಲ್, ಬ್ರೇಕರಿನ ಮೇಲೆ ಲೇಬಲ್. ನನ್ನ ಹಣೆಗೂ ಒಂದು ಅಂಟಿಸಬಹುದಿತ್ತು, ಶನಿವಾರ ನಾನು ಸಿಗಲಿಲ್ಲ ಅಷ್ಟೆ.

ತಾವು ಕೊರೆದ ನಾಲ್ಕು ತೂತುಗಳನ್ನು ಮಟ್ಟ ಹಿಡಿದು ನೋಡಿದೆ. ನೋಡಬೇಡಿ ಎಂದಿದ್ದಿರಿ, ಅದಕ್ಕೇ ನೋಡಿದೆ. ಸರಿಯಾಗಿಯೇ ಇವೆ, ದರಿದ್ರದವು.

ಒಳಹೋಗುವ ನ್ಯೂಟ್ರಲ್, ಹೊರಬರುವ ನ್ಯೂಟ್ರಲ್ ಎರಡೂ ಅವುಗಳ ಪಟ್ಟಿಗೇ ಹೋಗಿವೆ. ಹಸಿರು ತಂತಿ ಒಂದೇ ಪಟ್ಟಿಗೆ ಬಂದಿದೆ. ಗುಂಡಿ ತೋಡಿಲ್ಲ. ಹಿತ್ತಿಲಿಗೆ ಹೋಗಿದ್ದು ಕೈ ತೊಳೆಯಲು ಮಾತ್ರ, ಬೇಕಾದರೆ ಚಿಕ್ಕಮ್ಮನನ್ನು ಕೇಳಿ.

ಎರಡು ಪೆಟ್ಟಿಗೆಗೂ ನಡುವೆ ಮಾತಿನ ಕೇಬಲ್ ಹಾಕಿ ಒಟ್ಟಿಗೆ ಚಾಲೂ ಮಾಡಿದೆ. ಹತ್ತು ಸೆಕೆಂಡು ಎರಡೂ ದೀಪ ಮಿಟುಕಿಸುತ್ತಾ ಕೂತಿದ್ದವು. ಆಮೇಲೆ ಒಂದು ಯಜಮಾನಿಕೆ ವಹಿಸಿಕೊಂಡಿತು, ಇನ್ನೊಂದು ಹಿಂದೆ ನಡೆಯಿತು. ಯಜಮಾನಿಕೆ ತಮ್ಮ ಪೆಟ್ಟಿಗೆಯದೇ ಆಯಿತು ಎಂದು ಬೇರೆ ಹೇಳಬೇಕೇ?

ಲೀಕೇಜ್ ಬ್ರೇಕರಿನ ಟೆಸ್ಟ್ ಬಟನ್ ಒತ್ತಿದೆ, ಪಟ್ಟನೆ ಬಿತ್ತು. ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು. ಬೀಳುವುದಕ್ಕೆ ಚಪ್ಪಾಳೆ ಯಾಕೆ ಎಂದರೆ, 'ಬೀಳೋದನ್ನ ಹಾಕಿಸಿದೀನಿ, ಬಿತ್ತು, ಸಂತೋಷ ಪಡಬಾರ್ದಾ?' ಎಂದಳು.

ಕೆಲವರ ಅಭ್ಯಾಸದ ಬಗ್ಗೆ ಬರೆದಿದ್ದೀರಿ. ಕೆಲವರಿಗೆ ಇನ್ನೊಬ್ಬರ ಕೆಲಸವನ್ನು ಗಿರಾಕಿಯ ಮುಂದೆಯೇ ಬಿಚ್ಚಿ ತೋರಿಸುವ ಅಭ್ಯಾಸವೂ ಇದೆ. ಅದಕ್ಕೆ ಲೇಬಲ್ ಸಿಗುವುದಿಲ್ಲ.

ವಿಧೇಯ,
ಎರಡನೇ ಇನ್ವರ್ಟರ್


ಮಾರ್ಚ್ ೧೩, ಗುರುವಾರ

ಇಬ್ಬರಿಗೂ,

ಮಕ್ಕಳು ಎರಡು ಗಂಟೆ ಮಲಗಿದವು. ಎರಡು ಗಂಟೆ! ಕರೆಂಟು ಹೋಗಿದ್ದು ನನಗೇ ತಿಳಿಯಲಿಲ್ಲ, ಎದುರುಮನೆಯವರು ಬಂದು ಹೇಳಿದ ಮೇಲೆ ಗೊತ್ತಾಯಿತು. ಅತ್ತ ಮೆಷಿನ್ ತಿರುಗುತ್ತಿತ್ತು, ಇತ್ತ ಹೀಟರಿನಲ್ಲಿ ನೀರು ಕಾಯುತ್ತಿತ್ತು. ಏನು ಮಾಡಬೇಕೆಂದು ತೋಚದೆ ನಾನೂ ಗುಂಡಣ್ಣನ ಪಕ್ಕ ಮಲಗಿಬಿಟ್ಟೆ.

ಕೆಲಸ ಮುಗಿಯಿತು ಎಂದು ಕೈ ತೊಳೆದುಕೊಳ್ಳಬೇಡಿ. ತಿಂಗಳಿಗೊಮ್ಮೆಯಾದರೂ ಬಂದು ನೋಡಬೇಕು, ಬಂದವರು ಬರೆಯಬೇಕು. ಹಣೆಗೆ ಲೇಬಲ್ ಅಂಟಿಸುವ ಮಾತು ಚೆನ್ನಾಗಿತ್ತು. ಅಂದರೆ, ಚೀಟಿ ಕೆಳಗೆ ಬಿದ್ದಿತ್ತು, ಎತ್ತಿಡುವಾಗ ಕಣ್ಣಿಗೆ ಬಿತ್ತು.

ಚಿಕ್ಕಮ್ಮ


ಏಪ್ರಿಲ್ ೫, ಶನಿವಾರ

ಎರಡನೇ ಇನ್ವರ್ಟರಿಗೆ,

ಇವತ್ತು ಲೈನಿನ ಮೇನ್ ಸ್ವಿಚ್ ತೆಗೆದು, ಮೆಷಿನ್ನನ್ನೂ ಹೀಟರನ್ನೂ ಒಟ್ಟಿಗೆ ಸೋಲಾರಿನ ಮೇಲೆ ಓಡಿಸಿದೆ. ಎಲ್ಲವೂ ಚೆನ್ನಾಗಿತ್ತು. ಸುಮ್ಮನೆ ಇರಲಾರದೆ ಹಸಿರು ತಂತಿಗೆ ಕ್ಲಾಂಪ್ ಮೀಟರ್ ಹಾಕಿದೆ. ಮೂರು ಆಂಪಿಯರ್ ತೋರಿಸಿತು. ಅರ್ಥಿಂಗ್ ತಂತಿಯಲ್ಲಿ ಕರೆಂಟು! ಸೊನ್ನೆ ಇರಬೇಕಾದ ಕಡೆ ಮೂರು.

ಚಿಕ್ಕಮ್ಮ ಚೀಟಿ ಓದುವುದಿಲ್ಲವಲ್ಲ, ಆದ್ದರಿಂದ ಅವಳಿಗೂ ತಿಳಿಯುವ ಹಾಗೆ ಬರೆಯುತ್ತೇನೆ. ಲೈನ್ ಕರೆಂಟು ಇರುವಷ್ಟು ಹೊತ್ತು ಮನೆಯ ನ್ಯೂಟ್ರಲ್ಲನ್ನು ಬೀದಿ ಕೊನೆಯ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಭೂಮಿಗೆ ಕಟ್ಟಿರುತ್ತಾರೆ. ಕರೆಂಟು ಹೋದ ಕೂಡಲೇ ಇನ್ವರ್ಟರು ಬೀದಿಯ ಸಂಬಂಧ ಬಿಡಿಸಿಕೊಳ್ಳುತ್ತದೆ, ಆ ಕಟ್ಟೂ ಬಿಟ್ಟುಹೋಗುತ್ತದೆ. ಆಗ ಮನೆಯೊಳಗೇ ನ್ಯೂಟ್ರಲ್ಲನ್ನು ಅರ್ಥಿಂಗಿಗೆ ಕಟ್ಟಬೇಕು. ಕಟ್ಟದಿದ್ದರೆ ಕರೆಂಟು ಸೋರಿದರೂ ಲೀಕೇಜ್ ಬ್ರೇಕರಿಗೆ ಸುಳಿವು ಸಿಗುವುದಿಲ್ಲ. ಇದಕ್ಕೆಂದೇ ಇನ್ವರ್ಟರಿನ ಕವರಿನೊಳಗೆ ಹೆಬ್ಬೆರಳುದ್ದದ ಲಿಂಕ್ ತಂತಿ ಹಾಕುವುದು. ಎರಡು ಇನ್ವರ್ಟರ್ ಜೋಡಿ ಇದ್ದರೆ ಒಂದರಲ್ಲಿ ಮಾತ್ರ ಹಾಕಬೇಕು. ಎರಡರಲ್ಲೂ ಹಾಕಿದರೆ, ನ್ಯೂಟ್ರಲ್ಲಿನಲ್ಲಿ ಹೋಗಬೇಕಾದ ಕರೆಂಟಿನಲ್ಲಿ ಒಂದು ಪಾಲು ಅರ್ಥಿಂಗ್ ತಂತಿ ಹಿಡಿದು ಅಡ್ಡಾಡುತ್ತದೆ.

ನಾನು ಹಾಕಿದ್ದೇನೆ. ತಾವು ಮರೆಯುತ್ತೀರಿ ಎಂದು ಹಾಕಿದೆ, ಬರೆಯಲಿಲ್ಲ. ಮೀಟರು ಹೇಳುವುದನ್ನು ನೋಡಿದರೆ ತಾವೂ ಹಾಕಿದ್ದೀರಿ, ಬರೆಯಲಿಲ್ಲ. ನಾನು ಮರೆಯುತ್ತೇನೆ ಎಂದುಕೊಂಡೆಯೇನೋ? ಲಿಂಕ್ ಹಾಕಲು ನಿನಗೆ ಕಲಿಸಿದ್ದೇ ನಾನಲ್ಲವೇನೋ?

'ನೀನು' ಎಂದು ಬಂದುಬಿಟ್ಟಿತು. ಹೊಡೆದುಹಾಕಿದರೆ ಕಾಗದ ಹೊಲಸಾಗುತ್ತದೆ, ಇರಲಿ.

ಯಾರಾದರೊಬ್ಬರು ತೆಗೆಯಬೇಕು. ಮೊದಲು ಹಾಕಿದವಳು ನಾನು. ಇಷ್ಟು ಸಾಕು ಎಂದುಕೊಳ್ಳುತ್ತೇನೆ.

ಇತಿ,
ಮೊದಲನೇ ಇನ್ವರ್ಟರ್


ಏಪ್ರಿಲ್ ೬, ಭಾನುವಾರ

ಅಕ್ಕಾ,

'ತಾವು' ಬಿಡು. ನೀನೇ ಬಿಟ್ಟ ಮೇಲೆ ನಾನೊಬ್ಬನೇ ಹಿಡಿದುಕೊಂಡು ಏನು ಮಾಡಲಿ?

ಹೌದು, ಹಾಕಿದೆ. ನೀನು ಮರೆಯುತ್ತೀ ಎಂದಲ್ಲ. ನೀನು ಹುಟ್ಟಿದ ಮೇಲೆ ಏನನ್ನಾದರೂ ಮರೆತಿದ್ದೀಯಾ? ಹಾಕಿದ್ದೀಯಾ ಎಂದು ಚೀಟಿಯಲ್ಲಿ ಕೇಳಬೇಕೆಂದು ಪೆನ್ನು ತೆಗೆದೆ. 'ಇಷ್ಟೂ ಗೊತ್ತಿಲ್ಲವೇ' ಎಂದು ನೀನು ಬರೆಯುವ ಉತ್ತರ ಆಗಲೇ ಕಣ್ಣ ಮುಂದೆ ಬಂತು. ಕೇಳುವುದಕ್ಕಿಂತ ಹಾಕುವುದೇ ಸುಲಭ ಎನಿಸಿತು.

ತೆಗೆಯುವ ಮಾತಿಗೆ ಬಂದರೆ, ನೀನು ಮೊದಲು ಹಾಕಿದ್ದು ನಿಜ. ಆದರೆ ಜೋಡಿ ಮಾಡಿ ಚಾಲೂ ಮಾಡಿದವನು ನಾನು, ಕೊನೆಯ ಜವಾಬ್ದಾರಿ ನನ್ನದು. ನನ್ನದು ಯಾಕೆ ತೆಗೆಯಬೇಕು? ನನ್ನ ಕೈಕೆಲಸ ಎನ್ನುವ ಕಾರಣಕ್ಕೇ?

ಎರಡು ಗುಂಡಿಯ ಮಾತೆತ್ತಿ ದರ್ಜಿಯ ಮನೆಯ ವಿಷಯ ನೀನೇ ಕೆಣಕಿದ್ದು, ಹೇಳಿಬಿಡುತ್ತೇನೆ. ನಾಲ್ಕು ವರ್ಷದಿಂದ ಗಂಟಲಲ್ಲಿದೆ. ಅವತ್ತು ಎರಡು ಗುಂಡಿ ತೋಡಿದೆ, ಇದ್ದಿಲು, ಉಪ್ಪು ಎಲ್ಲ ಹಾಕಿ ಮುಚ್ಚಿದೆ. ಎರಡನ್ನೂ ಸೇರಿಸುವ ತಾಮ್ರದ ತಂತಿ ಎರಡು ಮಾರು ಕಮ್ಮಿ ಬಿತ್ತು. ಅಂಗಡಿ ಮುಚ್ಚಿತ್ತು. ಬೆಳಿಗ್ಗೆ ತಂದು ಸೇರಿಸುತ್ತೇನೆ ಎಂದು ದರ್ಜಿಯ ಹೆಂಡತಿಗೆ ಹೇಳಿಯೇ ಹೊರಟಿದ್ದೆ. ಚಪ್ಪಲಿ ಮೆಟ್ಟುತ್ತಿದ್ದಾಗ ನೀನು ಬಂದೆ. ಮಣ್ಣು ಕೆದಕಿ ನೋಡಿದೆ. ಆ ಮನೆಯವರೆಲ್ಲ ನಿಂತಿದ್ದಾಗ 'ಇವನ ಕೈಕೆಲಸ ನಂಬ್ಕೊಂಡು ಯಾರೂ ಸ್ವಿಚ್ ಮುಟ್ಬೇಡಿ' ಎಂದೆ.

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅತ್ತುಬಿಡುತ್ತಿದ್ದೆ. ಮೂವತ್ತು ವರ್ಷದ ಗಂಡಸು ದರ್ಜಿಯ ಹಿತ್ತಿಲಿನಲ್ಲಿ ಅಳುವುದು ಚೆನ್ನಾಗಿರುವುದಿಲ್ಲ. ಮಾರನೇ ದಿನ ಹೋಗಿ ಸೇರಿಸಿಬಂದೆ. ಅದು ನಿನಗೆ ಗೊತ್ತಿಲ್ಲ. ನೀನು ಕೇಳಲಿಲ್ಲ.

ಚಿಕ್ಕಮ್ಮ ಬಿಸ್ಕತ್ತು ತಂದಿಟ್ಟು, ಹೋಗದೆ ಬಾಗಿಲಲ್ಲೇ ನಿಂತಿದ್ದಾಳೆ. ಓದುವುದಿಲ್ಲವಂತೆ, ಬರೆಯುವುದನ್ನು ನೋಡುತ್ತಾಳಂತೆ.

ಇತಿ,
ಎರಡನೇ ಇನ್ವರ್ಟರ್, ನಿನ್ನ ತಮ್ಮ


ಏಪ್ರಿಲ್ ೧೨, ಶನಿವಾರ

ತಮ್ಮನಿಗೆ,

ಓದಿದೆ.

ಲಿಂಕಿನ ಬಗ್ಗೆ ಯೋಚಿಸುತ್ತೇನೆ. ಹಸಿರು ತಂತಿಯ ಎರಡೂ ತುದಿ ಮತ್ತೆ ಬಿಗಿ ಮಾಡಿದ್ದೇನೆ. ಕೊಂಚ ದಿನ ಹೀಗೇ ಇದ್ದರೆ ಮನೆಗೆ ಬೆಂಕಿಯೇನೂ ಬೀಳುವುದಿಲ್ಲ. ಆದರೆ ಸರಿಯಲ್ಲ, ಬೇಗ ಮುಗಿಸಬೇಕು.

ದರ್ಜಿಯ ಮನೆಯ ವಿಷಯಕ್ಕೆ ಇವತ್ತು ಏನೂ ಬರೆಯಲಾರೆ. ಎರಡು ಸಲ ಬರೆದೆ, ಎರಡನ್ನೂ ಹರಿದು ಹಾಕಿದೆ. ಚೂರು ಎತ್ತಿ ಜೋಡಿಸಬೇಡ ಎಂದು ಚಿಕ್ಕಮ್ಮನಿಗೆ ಹೇಳಿದ್ದೇನೆ.

ಅಕ್ಕ


ಮೇ ೨೨, ಗುರುವಾರ

ಪ್ರೀತಿಯ ದೊಡ್ಡೋಳಿಗೂ ಚಿಕ್ಕೋನಿಗೂ,

ತಗಡಿನ ಜೇಬು ಹೊಸ ಚೀಟಿಯಿಲ್ಲದೆ ಬಿಕೋ ಎನ್ನುತ್ತಿದೆ. ಏಪ್ರಿಲ್ ಕೊನೆಯ ವಾರ ಶನಿವಾರ ಒಬ್ಬಳು ಬಂದಳು, ಭಾನುವಾರ ಒಬ್ಬನು ಬಂದ. ಇಬ್ಬರೂ ಕಳ್ಳರ ಹಾಗೆ ಐದೇ ನಿಮಿಷ ಬೋರ್ಡಿನ ಹತ್ತಿರ ಏನೋ ಮಾಡಿ, ಟೀ ಕೂಡ ಕುಡಿಯದೆ ಹೋದಿರಿ. ಚೀಟಿಯೂ ಇಲ್ಲ. ಅದಾದ ಮೇಲೆ ಇಬ್ಬರದೂ ಪತ್ತೆಯಿಲ್ಲ. ಅದಕ್ಕೇ ಫೋನ್ ಮಾಡಿ ಈ ವಾರ ಬರಲೇಬೇಕು ಎಂದದ್ದು.

ಗಾಬರಿಯಾಗಬೇಡಿ, ಮನೆಯಲ್ಲಿ ಎಲ್ಲ ಚೆನ್ನಾಗಿದೆ. ನಿಮ್ಮ ಸೋಲಾರನ್ನು ಹೊಗಳಲು ಬರೆಯುತ್ತಿದ್ದೇನೆ. ಲೈನ್ ಕರೆಂಟಿಗೂ ಅದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಹೋದ ವಾರದಿಂದ ಲೈನಿನಲ್ಲಿ ಹೀಟರ್ ಹಾಕಿದರೆ ಸಾಕು, ಲೀಕೇಜ್ ಬ್ರೇಕರ್ ಪಟ್ಟನೆ ಬೀಳುತ್ತದೆ. ಎತ್ತಿದರೆ ಮತ್ತೆ ಬೀಳುತ್ತದೆ. ಅದಕ್ಕೂ ನನ್ನ ಹಾಗೆ ವಯಸ್ಸಾಯಿತೇನೋ ಎಂದುಕೊಂಡೆ. ಅದೇ ಕರೆಂಟು ಹೋಗಿ ಸೋಲಾರ್ ಬಂದಾಗ ಹಾಕಿದರೆ ಎಷ್ಟು ಹೊತ್ತು ಓಡಿದರೂ ತಂಟೆಯಿಲ್ಲ! ಉಪಾಯ ಹೊಳೆಯಿತು. ಈಗ ನಾನೇ ಮೇನ್ ಸ್ವಿಚ್ ತೆಗೆದು, ಸೋಲಾರಿನಲ್ಲೇ ನೀರು ಕಾಯಿಸಿ ಮಕ್ಕಳ ಕೈಕಾಲು ತೊಳೆಸುತ್ತಿದ್ದೇನೆ.

ಇನ್ನೊಂದು ವಿಶೇಷ. ನಿಮ್ಮಪ್ಪನ ಹಳೇ ಟೆಸ್ಟರ್ ಸಿಕ್ಕಿತು. ಸೋಲಾರ್ ಓಡುವಾಗ ಪ್ಲಗ್ಗಿನ ತೂತಿಗೆ ಹಿಡಿದು ನೋಡಿದೆ. ನಿಮ್ಮಪ್ಪ ಹಿಡಿಯುತ್ತಿದ್ದಾಗಲೆಲ್ಲ ಒಂದು ತೂತಿನಲ್ಲಿ ಮಾತ್ರ ದೀಪ ಹತ್ತುತ್ತಿತ್ತು, ಈಗ ಎರಡರಲ್ಲೂ ಹತ್ತುತ್ತದೆ. ಎರಡು ಇನ್ವರ್ಟರಿಗೆ ಎರಡು ದೀಪ ಎಂದು ಲೆಕ್ಕ ಹಾಕಿದೆ. ಸರಿ ತಾನೆ?

ಗುಂಡಣ್ಣ ನಿಮ್ಮಿಬ್ಬರ ಇನ್ವರ್ಟರಿಗೂ ದಿನಾ ಟಾಟಾ ಮಾಡಿ ಮನೆಗೆ ಹೋಗುತ್ತಾನೆ.

ನಿಮ್ಮ ಚಿಕ್ಕಮ್ಮ


ಮೇ ೨೪, ಶನಿವಾರ, ಮಧ್ಯಾಹ್ನ

ತಮ್ಮಾ,

ಈಗಷ್ಟೇ ನಿನಗೆ ಫೋನ್ ಮಾಡಿದೆ. ನಾಲ್ಕು ವರ್ಷವಾದರೂ ನಂಬರ್ ಬೆರಳಿಗೇ ನೆನಪಿತ್ತು. ನೀನು ಎತ್ತಿ 'ಏನಾಯ್ತು ಅಕ್ಕ?' ಎಂದೆ. ನಾನು 'ಬಾ' ಎಂದೆ. ನೀನು ಯಾಕೆ ಎಂದು ಕೇಳದೆ ಇಟ್ಟೆ. ಊರಿನ ಆ ತುದಿಯಿಂದ ಬರಲು ನಿನಗೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಇದನ್ನು ಬರೆದು ಮುಗಿಸುತ್ತೇನೆ. ಎದುರಿಗೆ ನಿಂತರೆ ಹೇಳಲಾರೆ, ನನ್ನ ಸ್ವಭಾವ ನಿನಗೆ ಗೊತ್ತು.

ಚಿಕ್ಕಮ್ಮನ ಕಾಗದ ತಗಡಿನ ಜೇಬಿನಲ್ಲಿದೆ, ಓದು. ಓದಿದವಳೇ ಬೋರ್ಡಿಗೆ ಕೈ ಹಾಕಿದೆ. ಸೋಲಾರ್ ಪೂರ್ತಿ ಆಫ್ ಮಾಡಿದ್ದೇನೆ, ಹೀಟರಿನ ತಂತಿ ಬಿಚ್ಚಿಟ್ಟಿದ್ದೇನೆ. ಹೀಟರಿನ ಎಲಿಮೆಂಟ್ ಒಡೆದು ಕರೆಂಟು ಸೋರುತ್ತಿದೆ. ಲೈನಿನಲ್ಲಿ ಬ್ರೇಕರ್ ಅದನ್ನು ಕಂಡುಹಿಡಿದು ಬೀಳುತ್ತಿತ್ತು. ಸೋಲಾರಿನಲ್ಲಿ ಕಂಡುಹಿಡಿಯಲಿಲ್ಲ, ಯಾಕೆಂದರೆ ನ್ಯೂಟ್ರಲ್ಲನ್ನು ಭೂಮಿಗೆ ಕಟ್ಟಿದ್ದು ಎಲ್ಲೂ ಇರಲಿಲ್ಲ. ಟೆಸ್ಟರ್ ಎರಡೂ ತೂತಿನಲ್ಲಿ ಹತ್ತಿದ್ದೂ ಅದಕ್ಕೇ. ಬೇರೆ ಇನ್ನೊಂದು ತಂತಿಯ ಸುಲಿದ ಜಾಗಕ್ಕೆ ಯಾವುದಾದರೂ ಮಗುವಿನ ಒದ್ದೆ ಕೈ ತಗುಲಿದ್ದರೂ ಬ್ರೇಕರ್ ಹಾಗೇ ನಿಂತಿರುತ್ತಿತ್ತು. ಬಿದ್ದರೆ ಚಪ್ಪಾಳೆ ತಟ್ಟುತ್ತಿದ್ದ ಚಿಕ್ಕಮ್ಮ, ಬೀಳದಿದ್ದಕ್ಕೆ ಈಗ ಶಹಬ್ಬಾಸ್ ಎನ್ನುತ್ತಿದ್ದಾಳೆ. ತಪ್ಪು ಅವಳದಲ್ಲ. ಅವಳಿಗೆ ಹೇಳಬೇಕಾದವರು ನಾವು.

ಟೆಸ್ಟ್ ಬಟನ್ ಒತ್ತಿದರೆ ಈಗಲೂ ಬೀಳುತ್ತದೆ. ಆ ಬಟನ್ ಫೇಸಿನಿಂದ ನ್ಯೂಟ್ರಲ್ಲಿಗೇ ಸುತ್ತು ಹಾಕುತ್ತದೆ, ಭೂಮಿಯ ಗೊಡವೆಗೇ ಹೋಗುವುದಿಲ್ಲ. ಅದನ್ನು ನಂಬಿದರೆ ಕೆಟ್ಟೆವು.

ಈಗ ಮುಖ್ಯ ವಿಷಯ. ಏಪ್ರಿಲ್ ೨೬ರಂದು ಬಂದು ನನ್ನ ಲಿಂಕ್ ತೆಗೆದವಳು ನಾನು. ನಿನ್ನದೇ ಇರಲಿ ಎಂದು ತೆಗೆದೆ. ಚೀಟಿ ಬರೆಯಲಿಲ್ಲ. ಸೋತೆ ಎಂದು ಬರೆಯಬೇಕಾಗುತ್ತಿತ್ತು, ಅದಕ್ಕೆ ಕೈ ಬರಲಿಲ್ಲ. ತೆಗೆದ ಮೇಲೆ ನಿನ್ನ ಕವರು ಬಿಚ್ಚಿ ನಿನ್ನ ಲಿಂಕ್ ಗಟ್ಟಿಯಾಗಿದೆಯೇ ಎಂದು ನೋಡಬೇಕಿತ್ತು. ನೋಡಲಿಲ್ಲ. ಇನ್ನು ಮೇಲೆ ನಿನ್ನ ಕೆಲಸ ಕೆದಕಿ ನೋಡಬಾರದು ಎಂದು ನಿನ್ನ ಕಾಗದ ಓದಿದ ದಿನವೇ ನಿರ್ಧಾರ ಮಾಡಿದ್ದೆ. ದರ್ಜಿಯ ಮನೆಯ ತಪ್ಪಿಗೆ ನಾನೇ ವಿಧಿಸಿಕೊಂಡ ದಂಡ ಅದು.

ಇವತ್ತು ಮೊದಲ ಸಲ ನಿನ್ನ ಕವರು ಬಿಚ್ಚಿದೆ. ನಿಜ ಹೇಳುತ್ತೇನೆ, ಲಿಂಕ್ ಸಡಿಲ ಬಿಟ್ಟಿರುತ್ತಾನೆ ಎಂದುಕೊಂಡೇ ಬಿಚ್ಚಿದೆ. ಲಿಂಕ್ ಇರಲೇ ಇಲ್ಲ. ಸ್ಕ್ರೂ ಎರಡನ್ನೂ ಒಪ್ಪವಾಗಿ ಮತ್ತೆ ಬಿಗಿದಿತ್ತು. ಕವರಿನ ಒಳಮೈಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿತ್ತು: 'ಅಕ್ಕಂದೇ ಇರ್ಲಿ. ಏಪ್ರಿಲ್ ೨೭.'

ಅಯ್ಯೋ ದಡ್ಡ ಮುಂಡೇದೇ, ಯಾರು ನೋಡಲಿ ಎಂದು ಅಲ್ಲಿ ಬರೆದೆ? ನಾನು ಬಿಚ್ಚಿದರೆ ಮಾತ್ರ ಕಾಣುವ ಕಡೆ. ನಾಲ್ಕು ವಾರ ಈ ಮನೆಗೆ ಎರಡು ಇನ್ವರ್ಟರ್ ಇತ್ತು, ಲಿಂಕ್ ಒಂದೂ ಇರಲಿಲ್ಲ. ಜಗಳವಾಡುತ್ತಿದ್ದಾಗ ಎರಡು ಇದ್ದವು. ಇಬ್ಬರೂ ಒಳ್ಳೆಯವರಾಗಲು ಹೋಗಿ ಈ ಮಕ್ಕಳನ್ನು ಅಪಾಯಕ್ಕೆ ದೂಡಿದ್ದೆವು. ಬೋರ್ಡಿನ ಮುಂದೆ ಕೂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ನಗು ಬಂತು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಎರಡನ್ನೂ ನೋಡಿದಳು.

ಜೇಬಿನ ತಳದಲ್ಲಿ ಅಪ್ಪನ ಹಳೇ ಚೀಟಿಗಳಿವೆ. ಇವತ್ತು ತೆಗೆದು ಓದಿದೆ. 'ಮೆಟ್ಟಿಲ ದೀಪದ ಸ್ವಿಚ್ ತಲೆಕೆಳಗಾಗಿ ಹಾಕಿದ್ದೇನೆ, ನಾಳೆ ಸರಿ ಮಾಡುವೆ.' 'ಅಡುಗೆಮನೆಗೆ ಸಣ್ಣ ತಂತಿ ಎಳೆದುಬಿಟ್ಟೆ, ತಪ್ಪು ನನ್ನದು, ಬದಲಿಸಬೇಕು.' ಅರ್ಧಕ್ಕರ್ಧ ಹೀಗೇ. ಅಪ್ಪ ಚೀಟಿ ಬರೆಯುತ್ತಿದ್ದದ್ದು ಮಾಡಿದ ಕೆಲಸ ತೋರಿಸಿಕೊಳ್ಳಲು ಎಂದು ನಾನು ಇಷ್ಟು ದಿನ ತಿಳಿದಿದ್ದೆ.

ಹಾಗಾದರೆ ನನ್ನದೂ ಬರೆಯುತ್ತೇನೆ. ದರ್ಜಿಯ ಮನೆಯಲ್ಲಿ ತಂತಿ ಯಾಕೆ ಸೇರಿಸಿಲ್ಲ ಎಂದು ನಿನ್ನನ್ನು ಕೇಳದೆ ಮಾತಾಡಿದ್ದು ನನ್ನ ತಪ್ಪು. ಮಾರನೇ ದಿನ ನೀನು ಸೇರಿಸಿಬಂದದ್ದು ನನಗೆ ಗೊತ್ತಿತ್ತು. ಅದೇ ವಾರ ಕದ್ದು ಹೋಗಿ ನೋಡಿಬಂದಿದ್ದೆ. ನೀನು ಬಹಳ ಚೆನ್ನಾಗಿ ಮಾಡಿದ್ದೆ. ನಾಲ್ಕು ವರ್ಷ ಅದನ್ನು ನಿನಗೆ ಹೇಳದೆ ಇದ್ದದ್ದು ಇನ್ನೂ ದೊಡ್ಡ ತಪ್ಪು.

ಗೇಟು ಸದ್ದಾಯಿತು. ಎರಡು ಕಾಲಿಗೂ ಬೇರೆ ಬೇರೆ ಚಪ್ಪಲಿ ಹಾಕಿಕೊಂಡು ಬಂದಿದ್ದೀಯ.

ಅಕ್ಕ


ಮೇ ೨೫, ಭಾನುವಾರ

ಮುಂದೆ ಈ ಬೋರ್ಡು ತೆಗೆಯುವವರಿಗೆ,

ನೀವು ಯಾರೋ, ಯಾವ ಕಾಲದವರೋ ಗೊತ್ತಿಲ್ಲ. ಈ ಚೀಟಿಯನ್ನು ಇಬ್ಬರು ಸೇರಿ ಬರೆಯುತ್ತಿದ್ದೇವೆ. ನೆಟ್ಟಗಿರುವ ಅಕ್ಷರ ಅಕ್ಕನದು, ಕಾಗೆ ಕಾಲಿನ ಅಕ್ಷರ ತಮ್ಮನದು. (ಕಾಗೆ ಕಾಲು ಎಂದು ಬರೆದದ್ದು ಅಕ್ಕ. ನನ್ನ ಅಕ್ಷರ ಚೆನ್ನಾಗಿಯೇ ಇದೆ.)

ಇಲ್ಲಿ ಜೋಡಿ ಇನ್ವರ್ಟರ್ ಇವೆ. ನ್ಯೂಟ್ರಲ್ಲನ್ನು ಅರ್ಥಿಂಗಿಗೆ ಕಟ್ಟುವ ಲಿಂಕ್ ತಂತಿ ಬಲಗಡೆಯ ಪೆಟ್ಟಿಗೆಯಲ್ಲಿ ಮಾತ್ರ ಇದೆ. ಬಲಗಡೆಯದು ತಮ್ಮ ಹಾಕಿದ ಇನ್ವರ್ಟರ್, ಅದರಲ್ಲಿ ಲಿಂಕ್ ಬಿಗಿದದ್ದು ಅಕ್ಕ. ಎಡಗಡೆಯದರಲ್ಲಿ ಬೇಕೆಂದೇ ಹಾಕಿಲ್ಲ, ಮರೆತು ಬಿಟ್ಟದ್ದಲ್ಲ. ಒಳ್ಳೆಯ ಮನಸ್ಸಿನಿಂದ ಅಲ್ಲೂ ಒಂದು ಹಾಕಲು ಹೋಗಬೇಡಿ. ಅಷ್ಟೇ ಒಳ್ಳೆಯ ಮನಸ್ಸಿನಿಂದ ಬಲಗಡೆಯದನ್ನು ತೆಗೆಯಲೂ ಬೇಡಿ. ಎರಡನ್ನೂ ನಾವು ಮಾಡಿ ನೋಡಿದ್ದೇವೆ.

ಹೀಟರಿಗೆ ಹೊಸ ಎಲಿಮೆಂಟ್ ಹಾಕಿದೆವು. ಮೇನ್ ಸ್ವಿಚ್ ತೆಗೆದು, ಸೋಲಾರಿನ ಮೇಲೆ ಬೇಕೆಂದೇ ಫೇಸಿನಿಂದ ಅರ್ಥಿಂಗಿಗೆ ಸ್ವಲ್ಪ ಸೋರಿಸಿ ನೋಡಿದೆವು. ಬ್ರೇಕರ್ ಬಿತ್ತು. ಚಿಕ್ಕಮ್ಮ ಚಪ್ಪಾಳೆ ತಟ್ಟಿದಳು, ಈ ಸಲ ನಾವೂ ತಟ್ಟಿದೆವು. ಬ್ರೇಕರ್ ಬಿದ್ದರೆ ಮತ್ತೆ ಎತ್ತದೆ ನಮ್ಮನ್ನು ಕರೆಯಬೇಕೆಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದೇವೆ. ಹಸಿರು ತಂತಿಯಲ್ಲಿ ಮೀಟರು ಸೊನ್ನೆ ತೋರಿಸಿತು. ಟೆಸ್ಟರ್ ಒಂದೇ ತೂತಿನಲ್ಲಿ ಹತ್ತಿತು. ಅದನ್ನು ಎರಡು ಸಲ ನೋಡಿದ್ದು ಚಿಕ್ಕಮ್ಮ, ಯಾಕೆಂದರೆ ಅವಳಿಗೆ ನಮ್ಮಿಬ್ಬರ ಮೇಲೂ ನಂಬಿಕೆಯಿಲ್ಲ.

(ನಂಬಿಕೆ ಇದೆ. ಬುದ್ಧಿಯ ಮೇಲೆ ಇಲ್ಲ. ಚಿಕ್ಕಮ್ಮ)

ಬಲಗಡೆಯ ಕವರಿನ ಒಳಗೆ ಪೆನ್ಸಿಲ್ಲಿನ ಬರಹವೊಂದಿದೆ. ಈಗ ಅದು ನಿಜವಲ್ಲ. ಅಳಿಸೋಣ ಎಂದು ತಮ್ಮ ರಬ್ಬರ್ ತಂದಿದ್ದ, ಅಕ್ಕ ಬಿಡಲಿಲ್ಲ. ಅದನ್ನು ಓದಿ ತಲೆ ಕೆಡಿಸಿಕೊಳ್ಳಬೇಡಿ.

ಕೊನೆಯದಾಗಿ ಒಂದು ಮಾತು. ನಾವು ಇಲ್ಲಿ ಬರೆದಿದ್ದೇವೆ ಎಂದು ನಂಬಿ ಸುಮ್ಮನಾಗಬೇಡಿ. ಎರಡೂ ಕವರು ಬಿಚ್ಚಿ ಕಣ್ಣಾರೆ ನೋಡಿ. ನಮ್ಮ ಕೆಲಸ ಕೆದಕಿ ನೋಡಿದರೆ ಬೇಜಾರು ಮಾಡಿಕೊಳ್ಳುವವರು ಈಗ ಇಲ್ಲಿ ಯಾರೂ ಇಲ್ಲ. ಆಮೇಲೂ ಅನುಮಾನ ಉಳಿದರೆ ಕೆಳಗಿನ ನಂಬರಿಗೆ ಫೋನ್ ಮಾಡಿ. ಒಂದೇ ನಂಬರು, ಇನ್ನು ಮುಂದೆ ಅಂಗಡಿಯೂ ಒಂದೇ. ಅಕ್ಕ ಎತ್ತಬಹುದು, ತಮ್ಮ ಎತ್ತಬಹುದು. ಯಾರು ಎತ್ತಿದರೂ, ಇನ್ನೊಬ್ಬರನ್ನು ಒಂದು ಮಾತು ಕೇಳಿಯೇ ನಿಮಗೆ ಹೇಳುತ್ತೇವೆ.

ಇತಿ,
ಅಕ್ಕ
ತಮ್ಮ